ವಿಡಿಯೋ ಕ್ಲಾಸಲ್ಲಿ ಚೆಂಡೆ ಸದ್ದೇ ಕಟ್ ಆಗ್ತದೆ, ಎಂತ ಮಾಡುದು?

ಪ್ರಶ್ನೆ: ಕುಂಬಳೆ ಹತ್ರ ಯಕ್ಷಗಾನ ಹಿಮ್ಮೇಳ ಕಲಿಸ್ತೇನೆ. ದೂರ ಇರುವ ಮಕ್ಕಳಿಗೆ ಅಂತ ನಮ್ಮ ಹುಡುಗನೊಬ್ಬ ವೆಬ್‌ಆರ್‌ಟಿಸಿ ಅನ್ನುವ ತಂತ್ರಜ್ಞಾನದಲ್ಲಿ ವಿಡಿಯೋ ಕ್ಲಾಸ್ ಮಾಡಿಕೊಟ್ಟಿದ್ದಾನೆ, ಬ್ರೌಸರಲ್ಲೇ ಓಪನ್ ಆಗ್ತದೆ. ಮೂರು ಜನ ಇದ್ರೆ ಚಂದ ಹೋಗ್ತದೆ, ಎಂಟು ಜನ ಆದ್ರೆ ಫೋನ್ ಬಿಸಿಯಾಗಿ ಸ್ಟಕ್. ಚೆಂಡೆ ಬಾರಿಸಿದ್ರೆ ಸದ್ದು ಕಟ್. ಮಂಗಳೂರಿನ ಹಾಸ್ಟೆಲಲ್ಲಿರುವ ಒಬ್ಬನಿಗೆ ಕನೆಕ್ಟೇ ಆಗುದಿಲ್ಲ. ದುಡ್ಡು ಕೊಟ್ಟು ಕ್ಲೌಡ್ ಪ್ಲಾಟ್‌ಫಾರ್ಮ್ ತೆಗೊಳ್ಬೇಕಾ?

ಉತ್ತರ: ಈಗಲೇ ಬೇಡ ಮಾರಾಯ್ರೆ. ನಿಮ್ಮದು ಮೂರೂ ಬೇರೆ ಬೇರೆ ಸಮಸ್ಯೆ, ಅದರಲ್ಲಿ ಚೆಂಡೆದ್ದು ಒಂದು ರೂಪಾಯಿ ಖರ್ಚಿಲ್ಲದೆ ಸರಿ ಆಗ್ತದೆ.

ಬ್ರೌಸರ್ ಮೈಕ್ ತೆಗೊಳ್ಳುವಾಗ ನಾಯ್ಸ್ ಸಪ್ರೆಶನ್ (ಗಲಾಟೆ ಅಡಗಿಸುದು), ಎಕೋ ಕ್ಯಾನ್ಸಲೇಶನ್ (ಪ್ರತಿಧ್ವನಿ ತೆಗೆಯುದು), ಆಟೋ ಗೇನ್ (ಸದ್ದನ್ನು ತಾನೇ ಹೆಚ್ಚುಕಡಿಮೆ ಮಾಡುದು) ಮೂರನ್ನೂ ತಾನಾಗಿಯೇ ಆನ್ ಮಾಡಿಕೊಳ್ತದೆ, ಅದೆಲ್ಲ ಮಾತಾಡ್ಲಿಕ್ಕೆ ಅಂತ ಮಾಡಿದ್ದು, ಪಾಪ ಅದಕ್ಕೆ ಚೆಂಡೆಯ ಪೆಟ್ಟು ಅಂದ್ರೆ ಪಕ್ಕದ ಮನೆಯ ಗಲಾಟೆ, ಅದುಮಿ ಹಾಕ್ತದೆ. ನಿಮ್ಮ ಹುಡುಗನಿಗೆ ಹೇಳಿ, ಕೋಡಲ್ಲಿ ಮೈಕ್ ಕೇಳುವ ಜಾಗದಲ್ಲಿ ಆ ಮೂರಕ್ಕೂ ಫಾಲ್ಸ್ (ಆಫ್) ಅಂತ ಹಾಕ್ಲಿ. ಆದ್ರೆ ಎಕೋ ಕ್ಯಾನ್ಸಲೇಶನ್ ತೆಗೆದ ಮೇಲೆ ಎಲ್ರೂ ಇಯರ್‌ಫೋನ್ ಹಾಕ್ಲೇಬೇಕು, ಇಲ್ಲದಿದ್ರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಎಲ್ಲರಿಗೂ ಎರಡೆರಡು ಸಲ ಕೇಳ್ತದೆ. ವೆಬ್‌ಆರ್‌ಟಿಸಿ ಒಳಗಿರುವ ಓಪಸ್ ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಸಂಗೀತಕ್ಕೂ ಒಳ್ಳೆದುಂಟು, ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಕಳಿಸುವ ಡೇಟಾ, ಸ್ವಲ್ಪ ಹೆಚ್ಚಿಸಿದ್ರೆ ಆಯ್ತು.

ಫೋನ್ ಬಿಸಿ ಆಗುದು ಯಾಕಂದ್ರೆ ಅವ ಬಹುಶಃ ಎಲ್ಲರನ್ನೂ ಎಲ್ಲರಿಗೂ ನೇರ ಜೋಡಿಸಿದ್ದಾನೆ. ಎಂಟು ಜನ ಅಂದ್ರೆ ಪ್ರತಿ ಫೋನೂ ವಿಡಿಯೋವನ್ನು ಏಳು ಸಲ ಕಳಿಸ್ಬೇಕು, ಏಳು ತರಿಸ್ಬೇಕು. ಮಧ್ಯದಲ್ಲಿ ಎಸ್‌ಎಫ್‌ಯು ಅನ್ನುವ ಸರ್ವರ್ ಬೇಕು, ಆಗ ಒಂದೇ ಸಲ ಕಳಿಸಿದ್ರೆ ಸಾಕು, ಹಂಚುವ ಕೆಲಸ ಅದರದ್ದು. ಅಂಥ ಸಾಫ್ಟ್‌ವೇರ್ ಜಿಟ್ಸಿ, ಲೈವ್‌ಕಿಟ್ ಎರಡೂ ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ದುಡ್ಡಿಲ್ಲದೆ ಬಳಸ್ಬಹುದು.

ಹಾಸ್ಟೆಲ್ ಹುಡುಗನದ್ದು ಹೆಚ್ಚಾಗಿ ಅಲ್ಲಿನ ವೈಫೈ ಯುಡಿಪಿ (ವಿಡಿಯೋ ಕಾಲಿನ ಡೇಟಾ ಹೋಗುವ ದಾರಿ) ಬ್ಲಾಕ್ ಮಾಡಿರುದು. ಟರ್ನ್ ಸರ್ವರ್ (ನೇರ ಹೋಗದ ಡೇಟಾವನ್ನು ಮಧ್ಯೆ ನಿಂತು ದಾಟಿಸುವ ಸರ್ವರ್) ಇಟ್ಟು, ಮಾಮೂಲಿ ಸುರಕ್ಷಿತ ವೆಬ್‌ಸೈಟ್‌ಗಳು ಹೋಗುವ ದಾರಿಯಾದ 443ನೇ ಪೋರ್ಟಲ್ಲಿ ಟಿಎಲ್‌ಎಸ್ (ಗುಪ್ತಲಿಪಿ) ಮೂಲಕ ಬಿಡಿ, ಸಾಮಾನ್ಯವಾಗಿ ಹೋಗ್ತದೆ.

ಈಗ ದುಡ್ಡಿನ ಮಾತು. ಗೂಗಲ್ 2011ರಲ್ಲಿ ವೆಬ್‌ಆರ್‌ಟಿಸಿಯನ್ನು ಓಪನ್ ಸೋರ್ಸ್ ಮಾಡಿತು, 2021ರಲ್ಲಿ ವೆಬ್ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಸ್ಟ್ಯಾಂಡರ್ಡ್ ಆಯ್ತು, ಅದು ಎಲ್ಲರಿಗೂ ಫ್ರೀ, ಆದ್ರೆ ಮೇಲೆ ಹೇಳಿದ ಸರ್ವರ್, ಡೇಟಾ ಯಾವುದೂ ಫ್ರೀ ಅಲ್ಲ. ಕ್ಲೌಡ್ ಕಂಪೆನಿಗಳು ಮಾರುದು ಅದನ್ನೇ. ಸಾಮಾನ್ಯವಾಗಿ ಬಿಲ್ ತಲೆಗಿಷ್ಟು ನಿಮಿಷದ ಲೆಕ್ಕದಲ್ಲಿ ಬರ್ತದೆ, ಉದಾಹರಣೆಗೆ ಗುರುಗಳೂ ಸೇರಿ ಹದಿನಾರು ಜನ ಒಂದು ಗಂಟೆ ಕೂತ್ರೆ 960 ನಿಮಿಷ, ತಿಂಗಳಿಗೆ ಇಪ್ಪತ್ತು ಕ್ಲಾಸಾದ್ರೆ 19,200. ಸೇಲ್ಸಿನವ ಹೇಳುವ ರೇಟನ್ನು ಇದಕ್ಕೆ ಗುಣಿಸಿ, ಆಮೇಲೆ ಒಂದು ಸಣ್ಣ ಬಾಡಿಗೆ ಸರ್ವರಿನ ರೇಟ್ ಕೇಳಿ.

ಮತ್ತೆ ಈ ಮಾರ್ಕೆಟ್ಟಲ್ಲಿ ಯಾರು ಎಷ್ಟು ದಿನ ಎಂತ ಮಾರ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ. ಟ್ವಿಲಿಯೋದಂಥ ದೊಡ್ಡ ಕಂಪೆನಿಯೇ 2023ರ ಕೊನೆಗೆ ವಿಡಿಯೋ ಸೇವೆ ನಿಲ್ಲಿಸ್ತೇವೆ ಅಂತ ಹೇಳಿ, ಮರುವರ್ಷ ಇಲ್ಲ ಮುಂದುವರಿಸ್ತೇವೆ ಅಂತು, ಅಷ್ಟರಲ್ಲಿ ಎಷ್ಟು ಜನ ಕೋಡ್ ಬದಲಿಸಿ ಸುಸ್ತಾಗಿರ್ಬೇಕೋ. ಇಂಥದ್ದೇ ಸೇವೆ ಮಾರುವ ವೊನೇಜನ್ನು 2022ರಲ್ಲಿ ಟೆಲಿಕಾಂ ಕಂಪೆನಿ ಎರಿಕ್ಸನ್ 620 ಕೋಟಿ ಡಾಲರಿಗೆ ತೆಗೊಂಡಿತು. ಹಾಗಾಗಿ ಮುಂದೆ ಯಾವುದನ್ನಾದ್ರೂ ತೆಗೊಂಡ್ರೂ ಅದರ ಕೋಡನ್ನು ಒಂದೇ ಫೈಲಲ್ಲಿ ಬೇರೆ ಇಡ್ಲಿಕ್ಕೆ ಹೇಳಿ, ಕಂಪೆನಿ ಬದಲಿಸ್ಬೇಕಾದ್ರೆ ಸುಲಭ.

ದುಬೈಯಲ್ಲಿ ಮಕ್ಕಳಿದ್ರೆ ಮೊದ್ಲೇ ಕೇಳಿಕೊಳ್ಳಿ, ಯುಎಇಯಲ್ಲಿ ಇಂಟರ್ನೆಟ್ ಕಾಲಿಗೆ ನಿಯಮ ಬಿಗಿ ಉಂಟು, ಅಲ್ಲಿ ಪರ್ಮಿಶನ್ ಇರುವ ಆ್ಯಪಲ್ಲೇ ಕಲಿಸುದು ಒಳ್ಳೇದು.

ಇನ್ನೊಂದು, ಬೇರೆ ಬೇರೆ ಊರಿಂದ ಚೆಂಡೆ ಮದ್ದಳೆ ಒಟ್ಟಿಗೆ ಬಾರಿಸ್ಲಿಕ್ಕೆ ಇದರಲ್ಲಿ ಆಗುದಿಲ್ಲ, ಸದ್ದು ತಲುಪುವಾಗ ತಡ ಆಗಿ ತಾಳ ತಪ್ತದೆ, ಯಾವ ಕಂಪೆನಿಗೆ ದುಡ್ಡು ಕೊಟ್ರೂ ಅಷ್ಟೇ. ನೀವು ಪದ ಹೇಳಿ, ಮಕ್ಕಳು ಮ್ಯೂಟಲ್ಲಿ ಬಾರಿಸ್ಲಿ, ಆಮೇಲೆ ಒಬ್ಬೊಬ್ರನ್ನೇ ಅನ್‌ಮ್ಯೂಟ್ ಮಾಡಿ ಕೇಳಿ.