ಕೋಡ್ ನೋಡಿದ ತಕ್ಷಣ ಪಾರ್ಟ್ ಬದಲಿಸಬೇಡಿ

ಪ್ರಶ್ನೆ: ನನ್ನದು 2014ರ ಮಾರುತಿ ಈಕೋ, ಪೆಟ್ರೋಲ್ ಗಾಡಿ. ತರಕಾರಿ ಸಾಗಿಸ್ತೀನಿ. ಚೆಕ್ ಎಂಜಿನ್ ಲೈಟ್ ಹತ್ತಿದೆ, ನಿಂತಲ್ಲೇ ಗಾಡಿ ನಡುಗುತ್ತದೆ. ಗ್ಯಾರೇಜಿನಲ್ಲಿ ಪಿ0301 ಅಂತ ಕೋಡ್ (ಗಾಡಿಯ ಕಂಪ್ಯೂಟರ್ ಕೊಡುವ ದೋಷದ ಸಂಖ್ಯೆ) ತೋರಿಸಿ, ಕಾಯಿಲ್ (ಕಿಡಿಗೆ ಕರೆಂಟ್ ಕೊಡೋದು), ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋದು) ಎರಡೂ ಹೊಸದು ಹಾಕಬೇಕು ಅಂದರು. ಮನೆಯಲ್ಲೇ ಪರೀಕ್ಷೆ ಮಾಡಬಹುದಾ?
– ಓದುಗರು, ತುಮಕೂರು

ಉತ್ತರ: ಖಂಡಿತ ಮಾಡಬಹುದು, ಈಗಲೇ ದುಡ್ಡು ಕೊಡಬೇಡಿ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೀತಿದೆ, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಅಷ್ಟೇ. ಯಾಕೆ ಅನ್ನೋದನ್ನು ಅದು ಹೇಳಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಲಿ ಕಡಿದ ವೈರ್ ಕೂಡ ಇರಬಹುದು.

ಕೋಡನ್ನು ಮೊಬೈಲಿಗೆ ಕಳಿಸುವ ಇಎಲ್‌ಎಂ327 ಅನ್ನೋ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನ ಅಡಿ 16 ಪಿನ್ನಿನ ಸಾಕೆಟ್ ಹುಡುಕಿ, ಅದಕ್ಕೆ ಚುಚ್ಚಿ, ಕೀ ಆನ್ ಮಾಡಿ ಮೊಬೈಲ್ ಆ್ಯಪ್‌ನಲ್ಲಿ ಓದಿ. ಕೋಡ್ ಜೊತೆ 'ಫ್ರೀಜ್ ಫ್ರೇಮ್' ಅಂತ ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ತೊಂದರೆ ಬಂದ ಹೊತ್ತಿಗೆ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಇತ್ತು ಅನ್ನೋದು ಅಲ್ಲಿರುತ್ತದೆ, ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಈಗ ಅಸಲಿ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಲಿ. ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಅಲ್ಲಿ ಧೂಳು ಜಾಸ್ತಿ, ಹಾಗಾಗಿ ಪ್ಲಗ್ ಬಿಚ್ಚುವ ಮೊದಲು ಸುತ್ತ ಗಾಳಿ ಹೊಡೆದು ಚೊಕ್ಕ ಮಾಡಿ, ಇಲ್ಲದಿದ್ದರೆ ಮರಳು ಸೀದಾ ಸಿಲಿಂಡರಿಗೆ ಬೀಳುತ್ತದೆ. ಫ್ಯಾನ್ ಬೆಲ್ಟ್ ಕಡೆಯಿಂದ ಎಣಿಸಿದರೆ ಮೊದಲನೆಯದೇ ಒಂದನೇ ಸಿಲಿಂಡರ್. ಅದರ ಪ್ಲಗ್ ತೆಗೆದು ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಕಿಡಿ ಅಲ್ಲೇ ಹಾರಿಹೋಗ್ತಿದೆ, ಪ್ಲಗ್ ಸೆಟ್ ಬದಲಿಸಿ.

ಏನೂ ಕಾಣದಿದ್ದರೆ ಒಂದನೇ ಪ್ಲಗ್ ಮೂರಕ್ಕೆ, ಮೂರರದ್ದು ಒಂದಕ್ಕೆ ಹಾಕಿ. ಮೊದಲು ಬೆರಳಲ್ಲೇ ತಿರುಗಿಸಿ, ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಓರೆಯಾಗಿ ಹೋದರೆ ಥ್ರೆಡ್ ಹಾಳು. ಆ್ಯಪ್‌ನಲ್ಲಿ ಕೋಡ್ ಅಳಿಸಿ ಗಾಡಿ ಓಡಿಸಿ. ಪಿ0303, ಅಂದರೆ ಮೂರನೇ ಸಿಲಿಂಡರಿನ ಕೋಡ್ ಬಂದರೆ ತಪ್ಪು ಪ್ಲಗ್‌ನದು. ಮತ್ತೆ ಪಿ0301 ಬಂದರೆ ಪ್ಲಗ್ ಸರಿ ಇದೆ, ಆಮೇಲೆ ವೈರಿಂಗ್, ಕಾಯಿಲ್, ಇಂಜೆಕ್ಟರ್ ಕನೆಕ್ಟರ್ ನೋಡಿ, ಅದರ ನಂತರವೇ ಇಂಜೆಕ್ಟರ್. ಇದ್ಯಾವುದರಿಂದಲೂ ಸರಿಹೋಗದಿದ್ದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡದ ಪರೀಕ್ಷೆ) ಮಾಡಿಸಿ, ಸಿಲಿಂಡರ್ ಮುಚ್ಚುವ ವಾಲ್ವ್ ಹಾಳಾಗಿದ್ದರೆ ಯಾವ ಕಾಯಿಲ್ ಹಾಕಿದರೂ ಪ್ರಯೋಜನವಿಲ್ಲ.

ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿಣುಕುತ್ತಿದ್ದರೆ ಮಾತ್ರ ಓಡಿಸಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಕರಗಬಹುದು, ಅದರ ಬೆಲೆ ಪ್ಲಗ್ ಸೆಟ್‌ಗಿಂತ ಎಷ್ಟೋ ಪಟ್ಟು.