ಕನ್ನಡ ಪದ ಸ್ಕ್ರೀನ್ ಮೇಲೆ ಎಷ್ಟು ಅಗಲ ಹಿಡಿಯುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ?

ಅಕ್ಷರ ಎಣಿಸಿ, ಒಂದಕ್ಕೆ ಹತ್ತು ಪಿಕ್ಸೆಲ್‌ನಂತೆ ಗುಣಿಸಿ ಬಟನ್ ಅಗಲ ಇಡುತ್ತೇನೆ, ಇಂಗ್ಲಿಷಿಗೆ ಸರಿಹೋಗುತ್ತದೆ, ಕನ್ನಡಕ್ಕೆ ಕೆಡುತ್ತದೆ ಅಂದಿದ್ದೀರಿ. ಆ ಎಣಿಕೆಯನ್ನೇ ಬಿಟ್ಟುಬಿಡಿ.

ನಾನು ಹುಬ್ಬಳ್ಳಿಯವನು, ನಮ್ಮ ಅವಳಿ ಊರುಗಳನ್ನೇ ತಗೊಂಡು ನೋಡ್ರಿ. 'ಹುಬ್ಬಳ್ಳಿ' ಕಣ್ಣಿಗೆ 3 ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಬಿಡಿ ಕೋಡ್‌ಗಳಾಗಿ ಇಟ್ಟುಕೊಳ್ಳುವ ಯೂನಿಕೋಡ್ ಲೆಕ್ಕದಲ್ಲಿ 9. ಹ, ಉಕಾರದ ಕೊಂಬು, ಬ, ಹಲಂತ (ಸ್ವರ ತೆಗೆಯುವ ಚಿಹ್ನೆ), ಮತ್ತೆ ಬ... ಹೀಗೆ ಬಿಡಿಬಿಡಿ. 'ಧಾರವಾಡ' ಕಣ್ಣಿಗೆ 4, ಯೂನಿಕೋಡ್‌ಗೆ 6. ನಿಮ್ಮ ಸೂತ್ರದಂತೆ ಹುಬ್ಬಳ್ಳಿ ಧಾರವಾಡಕ್ಕಿಂತ ಒಂದೂವರೆ ಪಟ್ಟು ಅಗಲ ಆಗಬೇಕು. ಎರಡನ್ನೂ ಒಂದರ ಕೆಳಗೊಂದು ಟೈಪ್ ಮಾಡಿ, ಹಾಗಿರುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವಾಗ ನಾನು ಇನ್ನೊಂದು ತಪ್ಪು ಮಾಡಿದ್ದೆ: ಒಂದೊಂದು ಕೋಡನ್ನೂ ಬೇರೆಬೇರೆ ಅಳೆದು ಕೂಡಿಸಿದೆ. 'ಲಕ್ಷ್ಮೇಶ್ವರ' ಬಂದಾಗ ಊರಿನ ಕಾಲಂ ಸಿಕ್ಕಾಪಟ್ಟೆ ಹಿಗ್ಗಿತು. ಒಂಟಿಯಾಗಿ ಬಂದ ಹಲಂತಕ್ಕೂ ಏಕಾರಕ್ಕೂ ಕಂಪ್ಯೂಟರ್ ಚುಕ್ಕಿಗಳ ವೃತ್ತವೊಂದನ್ನು ಜೋಡಿಸಿ ತೋರಿಸುತ್ತದಲ್ಲ, ಅಂಥ 4 ವೃತ್ತಗಳ ಅಗಲವೂ ಮೊತ್ತಕ್ಕೆ ಸೇರಿತ್ತು. 'ಕ್ಷ್ಮೇ' ಒಟ್ಟಾಗಿಯೇ ಮೂಡುವ ಗುಚ್ಛ. ಒತ್ತು ಎಷ್ಟು ಕೆಳಗಿಳಿಯಬೇಕು, ಎಷ್ಟು ಬಲಕ್ಕೆ ಚಾಚಬೇಕು ಅನ್ನುವುದು ಫಾಂಟ್ ಮಾಡಿದವರ ಕೈಯಲ್ಲಿದೆ. ಅದಕ್ಕೇ ಇಡೀ ಪದವನ್ನು, ತೋರಿಸುವ ಫಾಂಟಿನಲ್ಲೇ, ತೋರಿಸುವ ಗಾತ್ರದಲ್ಲೇ ಅಳೆಯಬೇಕು. ಬ್ರೌಸರಿನಲ್ಲಿ ಹೀಗೆ ಅಳೆದುಕೊಡಲು ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್ ಇದೆ, ಆಂಡ್ರಾಯ್ಡ್‌ನಲ್ಲಿ ಪೇಂಟ್‌ಗೂ ಅದೇ ಹೆಸರಿನದಿದೆ. ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋ ಬಳಸುವವರಾದರೆ, ಅಕ್ಷರಗಳನ್ನು ಜೋಡಿಸಿಕೊಡುವ ರಾಕ್ಮ್ (Raqm) ಲೈಬ್ರರಿ ಇದೆಯೇ ಅಂತ ನೋಡಿಕೊಳ್ಳಿ. ಅದಿಲ್ಲದಿದ್ದರೆ ಒತ್ತಕ್ಷರ ಕೂಡುವುದೇ ಇಲ್ಲ, ಅಳತೆಯೂ ಸುಳ್ಳು.

ಬ್ರೌಸರಿನಲ್ಲಿ ಬಹಳ ಜನ ಎಡವುವುದು ಫಾಂಟ್ ಬರುವ ಮೊದಲೇ ಅಳೆದು. ಆಗ ಸಿಗುವುದು ಬದಲಿ ಫಾಂಟಿನ ಅಗಲ. ಡಾಕ್ಯುಮೆಂಟ್.ಫಾಂಟ್ಸ್.ಲೋಡ್ ಕರೆದು, ಅದು ಮುಗಿದ ಮೇಲೆ ಅಳೆಯಿರಿ. ಕರೆಯುವಾಗ ಎರಡನೇ ಆರ್ಗ್ಯುಮೆಂಟಾಗಿ ಒಂದು ಕನ್ನಡ ಪದ ಕೊಡಲೇಬೇಕು. ಕೊಡದಿದ್ದರೆ, ಭಾಷೆಗೊಂದು ಫೈಲಾಗಿ ಹಂಚಿಟ್ಟ ಫಾಂಟ್‌ಗಳಲ್ಲಿ ಕನ್ನಡದ ಫೈಲ್ ಇಳಿಯದೆಯೇ ಉಳಿಯಬಹುದು. ನನಗೆ ಇದು ಗೊತ್ತಾಗಲು ಎರಡು ದಿನ ಹಿಡಿಯಿತು.

ಜಾಗ ಸಾಲದಿದ್ದರೆ ಪದವನ್ನು ಕೋಡ್ ಎಣಿಸಿ ಕತ್ತರಿಸಬೇಡಿ, 'ಲಕ್ಷ್' ಅಂತ ಹಲಂತದಲ್ಲೇ ನಿಂತುಬಿಡುತ್ತದೆ. ಗಾತ್ರ ಸ್ವಲ್ಪ ಇಳಿಸಿ ಮತ್ತೊಮ್ಮೆ ಅಳೆಯಿರಿ. ಮಾಲು ತಂದ ರೈತ ಚೀಟಿ ಕೈಗೆ ಬಂದ ಕೂಡಲೇ ನೋಡುವುದು ತನ್ನ ಹೆಸರು, ತನ್ನ ಊರು.