ಅಮೆರಿಕದ ಅಧ್ಯಕ್ಷರು ಸಹಿ ಹಾಕದಿದ್ದರೆ ಮಸೂದೆ ಬಿದ್ದೇ ಹೋಗುತ್ತದಾ?

ಇಲ್ಲ. ಸುಮ್ನೆ ಇಟ್ಟುಕೊಂಡರೂ ಅದು ಕಾನೂನಾಗಬಹುದು. ಅಧ್ಯಕ್ಷರಿಗೆ ಭಾನುವಾರ ಬಿಟ್ಟು 10 ದಿನ ಸಮಯ ಇರುತ್ತದೆ, ಅಷ್ಟರಲ್ಲಿ ಸಹಿಯೂ ಇಲ್ಲ ವಾಪಸೂ ಇಲ್ಲ ಅಂದರೆ ಮಸೂದೆ ತಾನಾಗಿಯೇ ಕಾನೂನಾಗುತ್ತದೆ. ಆದರೆ ಆ ನಡುವೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅಧಿವೇಶನ ಮುಗಿದು, ವಾಪಸ್ ಕಳಿಸಲು ದಾರಿಯೇ ಇಲ್ಲದಿದ್ದರೆ ಅದು ಅಲ್ಲಿಗೇ ಮುಗಿಯಿತು. ಇದೇ ಪಾಕೆಟ್ ವೀಟೋ.

ನೇರವಾಗಿ ವೀಟೋ ಮಾಡಿದರೂ, ಅಂದರೆ ಒಪ್ಪದೆ ವಾಪಸ್ ಕಳಿಸಿದರೂ, ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಮತ ಸಿಕ್ಕರೆ ಕಾಂಗ್ರೆಸ್ ಅದನ್ನು ಮೀರಬಹುದು. ಇದು ಅಪರೂಪ, ಆದರೆ ಆದಾಗ ಅದರ ತೂಕ ಜಾಸ್ತಿ: ಅಧ್ಯಕ್ಷರು ತಮ್ಮಷ್ಟಕ್ಕೆ ಸೇನೆಯನ್ನು ಯುದ್ಧಕ್ಕೆ ಇಳಿಸುವುದಕ್ಕೆ ಮಿತಿ ಹಾಕಿದ 1973ರ ಕಾನೂನು ಆಗಿನ ಅಧ್ಯಕ್ಷ ನಿಕ್ಸನ್ ವೀಟೋ ಮೀರಿಯೇ ಬಂದದ್ದು. ಇನ್ನೊಂದು, ಮಸೂದೆಯಲ್ಲಿ ಬೇಡದ ಸಾಲನ್ನಷ್ಟೇ ಹೊಡೆದು ಹಾಕಲು ಅಧ್ಯಕ್ಷರಿಗೆ ಆಗುವುದಿಲ್ಲ. ಅಂಥ ಅಧಿಕಾರ ಕೊಟ್ಟಿದ್ದ ಕಾನೂನನ್ನು 1998ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.